ಓದುಗರ ಪ್ರಶ್ನೆ: ಆಳುವ ಪಕ್ಷ ಮರಳಿ ಗೆಲ್ಲದಿರುವುದೇಕೆ?

ಪ್ರಶ್ನೆ: 1985ರ ನಂತರ ಕರ್ನಾಟಕದಲ್ಲಿ ಆಳುವ ಪಕ್ಷವೊಂದು ವಿಧಾನಸಭಾ ಚುನಾವಣೆಯಲ್ಲಿ ಮತ್ತೆ ಬಹುಮತ ಪಡೆದದ್ದಿಲ್ಲ. ಆಡಳಿತ ವಿರೋಧಿ ಅಲೆಯೊಂದೇ ಇದಕ್ಕೆ ಕಾರಣವೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಎಲ್ಲರೂ ಎತ್ತಿ ಹೇಳುವ 1985ರ ಗೆಲುವನ್ನೇ ಮೊದಲು ಬಿಡಿಸಿ ನೋಡಬೇಕು. 1983ರಲ್ಲಿ ಬಹುಮತವಿಲ್ಲದೆ, ಹೊರಗಿನ ಬೆಂಬಲ ನಂಬಿ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ಅವರು, 1984ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ ಜನತಾ ಪಕ್ಷಕ್ಕೆ ನಾಲ್ಕೇ ದಕ್ಕಿದಾಗ ರಾಜೀನಾಮೆ ಕೊಟ್ಟು, ಮತ್ತೆ ಜನಾದೇಶ ಕೇಳಿ 139 ಸ್ಥಾನ ಗೆದ್ದರು. ಐದು ವರ್ಷ ಪೂರ್ತಿ ಆಳಿ, ಅದರ ಲೆಕ್ಕ ಒಪ್ಪಿಸಿ ಪಡೆದ ಗೆಲುವು ಅದಲ್ಲ.

ಇನ್ನು ಅಲೆಯ ಮಾತು. 2018ರಲ್ಲಿ ಬಿಜೆಪಿ ಸುಮಾರು ಶೇ 36.3ರಷ್ಟು ಮತ ಪಡೆದು 104 ಸ್ಥಾನ ಗೆದ್ದಿತ್ತು. ಆಳುವ ಪಕ್ಷವಾಗಿ 2023ರಲ್ಲಿ ಕಣಕ್ಕಿಳಿದಾಗ ಶೇ 36ರಷ್ಟು ಮತ ಉಳಿಸಿಕೊಂಡೂ 66ಕ್ಕೆ ಕುಸಿಯಿತು. ಒಟ್ಟು ಲೆಕ್ಕದಲ್ಲಿ ಅದರ ಮತ ಹೆಚ್ಚೇನೂ ಕರಗಲಿಲ್ಲ. ಕರಗಿದ್ದು ಜೆಡಿಎಸ್ ಮತ: ಶೇ 18ರ ಆಸುಪಾಸಿನಿಂದ ಶೇ 13ಕ್ಕೆ. ಅದೇ ಹೊತ್ತಿಗೆ ಕಾಂಗ್ರೆಸ್ಸಿನ ಪಾಲು ಶೇ 38ರಿಂದ ಶೇ 43ರ ಹತ್ತಿರಕ್ಕೆ ಏರಿ, 135 ಸ್ಥಾನಗಳು ಒಲಿದವು. ತ್ರಿಕೋನ ಸ್ಪರ್ಧೆಯಲ್ಲಿ ಮೂರನೆಯ ಪಕ್ಷ ಸೊರಗಿದರೆ, ಆಳುವವರ ಮೇಲೆ ಜನ ಹೊಸದಾಗಿ ಮುನಿಯದಿದ್ದರೂ ಸರ್ಕಾರ ಬದಲಾಗಬಹುದು. ಹಾಗೆಂದು ಬೆಲೆಯೇರಿಕೆ, ಕಮಿಷನ್ ಆರೋಪಗಳು, ಗ್ಯಾರಂಟಿ ಭರವಸೆಗಳು ಕೆಲಸ ಮಾಡಲಿಲ್ಲವೆಂದು ಹೇಳಲಾರೆ. ಆದರೆ ಟಿವಿ ಚರ್ಚೆಗಳಲ್ಲಿ ಅಲೆಗೆ ಸಿಗುವ ಮಹತ್ವದ ಕಾಲುಭಾಗವೂ ಈ ಲೆಕ್ಕಕ್ಕೆ ಸಿಗುವುದಿಲ್ಲ.

ಪ್ರಶ್ನೆ: ಹಾಲಿ ಶಾಸಕರಿಗೆ ಟಿಕೆಟ್ ತಪ್ಪಿಸಿದರೆ ಪಕ್ಷ ಸೋಲಿನಿಂದ ಪಾರಾಗುತ್ತದೆಯೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಕೆಲವೆಡೆ ಆಗಬಹುದು. ಆರು ಬಾರಿ ಶಾಸಕರಾಗಿದ್ದ ಮಾಜಿ ಮುಖ್ಯಮಂತ್ರಿ ಜಗದೀಶ ಶೆಟ್ಟರ್ 2023ರಲ್ಲಿ ಬಿಜೆಪಿ ಟಿಕೆಟ್ ಸಿಗದೆ ಕಾಂಗ್ರೆಸ್ ಸೇರಿ, ಹುಬ್ಬಳ್ಳಿ-ಧಾರವಾಡ ಸೆಂಟ್ರಲ್ ಕ್ಷೇತ್ರದಲ್ಲಿ ಬಿಜೆಪಿಯ ಮಹೇಶ ಟೆಂಗಿನಕಾಯಿ ಅವರೆದುರು ಭಾರಿ ಅಂತರದಿಂದ ಸೋತರು. ಅಲ್ಲಿನ ಮತ ವ್ಯಕ್ತಿಯದಲ್ಲ, ಪಕ್ಷದ್ದೆಂಬುದು ಅಂದು ಸ್ಪಷ್ಟವಾಯಿತು. ಇನ್ನೊಂದೆಡೆ, ರಾಜ್ಯದಲ್ಲಿ ಕಾಂಗ್ರೆಸ್ ಗೆದ್ದ ದಿನವೇ ಬೆಂಗಳೂರಿನ ಜಯನಗರದಲ್ಲಿ ಅದರ ಹಾಲಿ ಶಾಸಕಿ ಸೌಮ್ಯಾ ರೆಡ್ಡಿ, ಮರುಎಣಿಕೆಯ ನಂತರ 16 ಮತಗಳಿಂದ ಸೋತರು. ರಾಜ್ಯದ ಗಾಳಿ ಪ್ರತಿ ಕ್ಷೇತ್ರದ ಓಣಿಗೂ ಬೀಸುವುದಿಲ್ಲ.

ಪ್ರಶ್ನೆ: ಇಬ್ಬರಿಗೂ ಸಮಾನ ಮತ ಬಂದರೆ ಏನು ಮಾಡುತ್ತಾರೆ?
– ಅದೇ ಓದುಗರು

ಉತ್ತರ: ಚುನಾವಣಾಧಿಕಾರಿ ಚೀಟಿ ಎತ್ತುತ್ತಾರೆ. ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ, ಚೀಟಿ ಯಾರ ಹೆಸರಿಗೆ ಬರುತ್ತದೆಯೋ ಅವರಿಗೆ ಒಂದು ಮತ ಹೆಚ್ಚು ಬಂದಿತೆಂದು ಪರಿಗಣಿಸಿ ಫಲಿತಾಂಶ ಘೋಷಿಸಲಾಗುತ್ತದೆ. 2004ರಲ್ಲಿ ಸಂತೇಮರಹಳ್ಳಿ ಕ್ಷೇತ್ರ ಈ ಸ್ಥಿತಿಗೆ ಕೂದಲೆಳೆಯಷ್ಟು ಹತ್ತಿರ ಬಂದಿತ್ತು: ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ 40,752 ಮತ, ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ 40,751 ಮತ ಪಡೆದಿದ್ದರು. ಕೃಷ್ಣಮೂರ್ತಿಯವರ ಬೆಂಬಲಿಗರಲ್ಲಿ ಇನ್ನೊಬ್ಬರು ಮತಗಟ್ಟೆಗೆ ಬಂದಿದ್ದರೆ ಚೀಟಿಯನ್ನೇ ಎತ್ತಬೇಕಾಗುತ್ತಿತ್ತು.