ಹಾರ್ಟ್ ಫೇಲ್ಯೂರ್ ತರಬೇತಿ: ಇನ್ನೊಂದು ವರ್ಷ ಬೇಕೇ?

ಕಾರ್ಡಿಯಾಲಜಿ ಮುಗಿಯುತ್ತಾ ಬಂತು, ಎಕೋ (ಹೃದಯದ ಸ್ಕ್ಯಾನ್), ಕ್ಯಾಥ್ (ರಕ್ತನಾಳದ ಮೂಲಕ ಹೃದಯಕ್ಕೆ ನಳಿಕೆ ಹಾಕುವುದು) ಎರಡೂ ಕೈಗೆ ಹತ್ತಿವೆ, ಹಾರ್ಟ್ ಫೇಲ್ಯೂರ್ (ಹೃದಯ ಸೋಲುವ ಕಾಯಿಲೆ) ಮತ್ತು ಹೃದಯ ಕಸಿಗೆಂದೇ ಇನ್ನೊಂದು ವರ್ಷ ಕೊಟ್ಟರೆ ಹೊಸದೇನು ಸಿಗುತ್ತದೆ ಎಂದು ಕೇಳಿದ್ದೀರಿ. ತುಂಬಾ ಸಿಗುತ್ತದೆ. ಮನಸ್ಸಿದ್ದರೆ ಖಂಡಿತ ಸೇರಿ.

ಸೋತ ಹೃದಯಕ್ಕೆ ನೆರವಾಗುವ ಎಲ್‌ವ್ಯಾಡ್ ಪಂಪ್ ಹಾಕಿದ ರೋಗಿಯ ಮಣಿಕಟ್ಟು ಮೊದಲ ಸಲ ಹಿಡಿದಾಗ ನನಗೆ ನಾಡಿಯೇ ಸಿಗಲಿಲ್ಲ. ಅವರೋ ಆರಾಮಾಗಿ ಕೂತು ಮಾತಾಡುತ್ತಿದ್ದರು! ಪಂಪ್ ರಕ್ತವನ್ನು ಒಂದೇ ಸಮನೆ ತಳ್ಳುತ್ತಿರುತ್ತದೆ, ಹಾಗಾಗಿ ಮಿಡಿತ ಬೆರಳಿಗೆ ತಾಗದೇ ಇರಬಹುದು. ಬಿಪಿ ನೋಡಲು ತೋಳಿಗೆ ಪಟ್ಟಿ ಸುತ್ತಿ, ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಡಾಪ್ಲರ್ ಹಿಡಿಯಬೇಕು. ಎದೆಗೆ ಸ್ಟೆತೋಸ್ಕೋಪ್ ಇಟ್ಟರೆ ಮೋಟಾರಿನ ಗುಂಯ್ ಸದ್ದು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ.

ಕಸಿಯಾದ ಹೃದಯವೂ ಬೇರೆಯೇ. ನರಗಳ ಸಂಪರ್ಕ ಕಡಿದಿರುವುದರಿಂದ ಬಡಿತ ಏರಿಸಲು ಅಟ್ರೋಪಿನ್ ಔಷಧವನ್ನು ನೆಚ್ಚಿಕೊಳ್ಳುವಂತಿಲ್ಲ. ರಕ್ತನಾಳ ಕಟ್ಟಿಕೊಂಡರೂ ಎದೆನೋವು ಬರದೇ ಇರಬಹುದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಟ್ಯಾಕ್ರೋಲಿಮಸ್ ಔಷಧ ಕಡಿಮೆಯಾದರೆ ದೇಹ ಹೃದಯವನ್ನು ತಿರಸ್ಕರಿಸುವ ಭಯ, ಹೆಚ್ಚಾದರೆ ಕಿಡ್ನಿಗೆ ಪೆಟ್ಟು. ಕತ್ತಿನ ರಕ್ತನಾಳದ ಮೂಲಕ ಹೋಗಿ ಹೃದಯದ ಬಯಾಪ್ಸಿ (ಪರೀಕ್ಷೆಗೆ ಸಣ್ಣ ಚೂರು) ತೆಗೆಯುವುದು ಕೆಲವು ತಿಂಗಳಲ್ಲಿ ರೂಢಿಯಾಗುತ್ತದೆ, ಅದಕ್ಕೆ ಹೆದರಬೇಡಿ.

ನಿಜವಾಗಿ ಕಷ್ಟದ್ದು ಯಾರಿಗೆ ಕಸಿ ಮಾಡಬೇಕೆಂಬ ತೀರ್ಮಾನ. ಶ್ವಾಸಕೋಶದ ರಕ್ತನಾಳಗಳ ಒತ್ತಡ ಇಳಿಯದ ರೋಗಿಗೆ ಹೊಸ ಹೃದಯ ಕೊಟ್ಟರೆ ಅದರ ಬಲಭಾಗವೇ ಸೋಲಬಹುದು. ‘ನಿಮಗೆ ಆಗುವುದಿಲ್ಲ’ ಎಂದು ಹೇಳಿ, ಆಮೇಲೂ ಅವರ ಜೊತೆಗಿರುವುದನ್ನು ಕಲಿಯಬೇಕು.

ಅಮೆರಿಕದಲ್ಲಿ ಇದು ಮೂರು ವರ್ಷದ ಕಾರ್ಡಿಯಾಲಜಿ ಆದಮೇಲೆ ಒಂದು ವರ್ಷದ ತರಬೇತಿ. ಪ್ರತ್ಯೇಕ ಪ್ರಮಾಣಪತ್ರ ಪರೀಕ್ಷೆ 2010ರಿಂದ ಇದೆ. ಎಲ್ಲೇ ಸೇರುವುದಿದ್ದರೂ ವರ್ಷಕ್ಕೆ ಎಷ್ಟು ಕಸಿ, ಎಷ್ಟು ಪಂಪ್ ಆಗುತ್ತವೆ, ರೋಗಿಗಳನ್ನು ಆಯ್ಕೆ ಮಾಡುವ ಸಭೆಯಲ್ಲಿ ನಿಮ್ಮನ್ನು ಕೂರಿಸಿಕೊಳ್ಳುತ್ತಾರಾ ಎಂದು ಮೊದಲೇ ಕೇಳಿ.