ಓದುಗರ ಪ್ರಶ್ನೆ: ಇಂಚಿನಿಂದ ಮೀಟರಿಗೆ

ಪ್ರಶ್ನೆ: ಕಿಟಕಿ ಚೌಕಟ್ಟಿನ ಒಳ ಅಗಲ ಟೇಪಿನಲ್ಲಿ 46 ಇಂಚು ದಾಟಿ ಐದನೇ ಗೀಟಿಗೆ ಬಂತು. ಗಾಜು ಕತ್ತರಿಸುವವರು ಮೀಟರಿನಲ್ಲಿ ಕೇಳುತ್ತಾರೆ. 46.5 ಎಂದು ಹಿಡಿದರೆ 1.18 ಮೀಟರ್ ಬರುತ್ತದೆ. ಸರಿಯೇ?

ಉತ್ತರ: ಸರಿಯಲ್ಲ. ಐದನೇ ಗೀಟೆಂದರೆ ದಶಮಾಂಶದ ಐದಲ್ಲ. ಇಂಚಿಗೆ ಎಂಟು ಪಾಲಿರುವ ಟೇಪಾದರೆ ಅದು 5/8, ಅಂದರೆ 0.625. ಹದಿನಾರು ಪಾಲಿನದಾದರೆ 5/16, ಅಂದರೆ 0.3125. ಆದ್ದರಿಂದ ಮೊದಲು ಒಂದು ಇಂಚಿನೊಳಗೆ ಎಷ್ಟು ಪಾಲಿದೆ ಎಂದು ಎಣಿಸಿ ನೋಡಿ.

ಎಂಟು ಪಾಲಿನದೇ ಎಂದಿಟ್ಟುಕೊಂಡರೆ, 46.625 ಅನ್ನು 25.4ರಿಂದ ಗುಣಿಸಿ: 1184.275 ಮಿ.ಮೀ. ಸಾವಿರದಿಂದ ಭಾಗಿಸಿದರೆ 1.184 ಮೀಟರ್. ನಿಮ್ಮ 1.18ರಲ್ಲಿ ನಾಲ್ಕು ಮಿ.ಮೀ.ಗೂ ಮಿಕ್ಕಿ ಖೋತಾ. ಅದರಲ್ಲಿ ಮೂರು ಚಿಲ್ಲರೆ ಗೀಟು ತಪ್ಪಿ ಓದಿದ್ದರಿಂದ, ಉಳಿದದ್ದು ಎರಡೇ ದಶಮಾಂಶಕ್ಕೆ ನಿಲ್ಲಿಸಿದ್ದರಿಂದ. ಗಾಜಿನ ಕೆಲಸಕ್ಕೆ ಮಿ.ಮೀ.ನಲ್ಲಿ ಬರೆದುಕೊಡುವುದೇ ವಾಸಿ. ಗಾಜಿನ ಸುತ್ತ ಬಿಡಬೇಕಾದ ಸಂದನ್ನು ಲೆಕ್ಕ ಮುಗಿದ ಮೇಲೆ ಒಮ್ಮೆ ಕಳೆಯಿರಿ.

ಇನ್ನೊಂದು ಮಾತು: ಟೇಪಿನ ತುದಿಯ ಕೊಕ್ಕೆ ಸಡಿಲವಿದೆಯೆಂದು ಬಡಿದು ಬಿಗಿ ಮಾಡಬೇಡಿ. ಅದು ತನ್ನ ದಪ್ಪದಷ್ಟು ಹಿಂದೆ ಮುಂದೆ ಸರಿಯಲೇಬೇಕು. ಗೋಡೆಗೆ ಒತ್ತಿ ಅಳೆದರೂ ಅಂಚಿಗೆ ಸಿಕ್ಕಿಸಿ ಎಳೆದರೂ ಸೊನ್ನೆ ತಪ್ಪದಿರುವುದು ಅದರಿಂದಲೇ.

ಪ್ರಶ್ನೆ: ನನ್ನ ಎತ್ತರ 5.6 ಅಡಿ. ಒಮ್ಮೆ 1.68 ಮೀಟರ್, ಇನ್ನೊಮ್ಮೆ 1.71 ಬರುತ್ತದೆ. ಯಾವುದು ನಿಜ?

ಉತ್ತರ: ನೀವು ಹೇಳುತ್ತಿರುವುದು ಐದು ಅಡಿ ಆರು ಇಂಚು ಇರಬೇಕು. ಅದನ್ನು 5.6 ಎಂದು ಬರೆದ ಕೂಡಲೇ ಕ್ಯಾಲ್ಕುಲೇಟರ್ ಐದು ಅಡಿ ಏಳೂಕಾಲು ಇಂಚಿನ ಹತ್ತಿರಕ್ಕೆ ಒಯ್ಯುತ್ತದೆ. ಎಲ್ಲವನ್ನೂ ಇಂಚಿಗೆ ಇಳಿಸಿ: 5 × 12 + 6 = 66. ಅದನ್ನು 0.0254ರಿಂದ ಗುಣಿಸಿದರೆ 1.6764, ಅಂದರೆ 1.68 ಮೀಟರ್.

ಪ್ರಶ್ನೆ: ಒಂದು ಕಡೆ 0.0254ರಿಂದ ಗುಣಿಸಿ ಎಂದಿದೆ, ಇನ್ನೊಂದು ಕಡೆ 39.37ರಿಂದ ಭಾಗಿಸಿ ಎಂದಿದೆ. ಎರಡೂ ಒಂದೆಯೇ?

ಉತ್ತರ: ಮನೆಗೆಲಸಕ್ಕೆ ಒಂದೇ. 1959ರಲ್ಲಿ ಇಂಗ್ಲಿಷ್ ಮಾತಾಡುವ ಆರು ದೇಶಗಳು ಗಜವನ್ನು 0.9144 ಮೀಟರ್ ಎಂದು ಒಪ್ಪಿಕೊಂಡವು. ಅದನ್ನು 36ರಿಂದ ಭಾಗಿಸಿದರೆ ಇಂಚು ಸರಿಯಾಗಿ 25.4 ಮಿ.ಮೀ. 39.37 ಅಮೆರಿಕದ ಹಳೆಯ ಲೆಕ್ಕ. ಒಂದು ಕಿಲೋಮೀಟರಿನಲ್ಲಿ ಎರಡಕ್ಕೂ ಇರುವ ಅಂತರ ಎರಡು ಮಿ.ಮೀ. ಮಾತ್ರ. ಆದರೆ 2.5 ಸೆಂ.ಮೀ. ಎಂದು ಅಂದಾಜಿಸುವವರು ನೂರು ಇಂಚಿಗೆ ನಾಲ್ಕು ಸೆಂ.ಮೀ. ಕಳೆದುಕೊಳ್ಳುತ್ತಾರೆ. ಬಾಯಿಲೆಕ್ಕ ಬೇಕಿದ್ದರೆ ಇಂಚನ್ನು 40ರಿಂದ ಭಾಗಿಸಿ, ಬಂದದ್ದಕ್ಕೆ ನೂರಕ್ಕೆ 1.6 ಸೇರಿಸಿ.

ಪ್ರಶ್ನೆ: ಚದರ ಇಂಚಿಗೂ ಇದೇ ಸಂಖ್ಯೆಯೇ?

ಉತ್ತರ: ಇಲ್ಲ. ಉದ್ದ, ಅಗಲ ಎರಡನ್ನೂ ಬದಲಿಸಬೇಕು. ಒಂದು ಚದರ ಮೀಟರಿಗೆ ಸುಮಾರು 1550 ಚದರ ಇಂಚು.