ತರಬೇತಿ ಕೊಟ್ಟರೂ ಯುವಜನ ಕಾರ್ಯಕ್ರಮಗಳ ಗುಣಮಟ್ಟ ಯಾಕೆ ಏರುತ್ತಿಲ್ಲ? ಕೋಚಿಂಗ್‌ನಿಂದ ಪ್ರಯೋಜನ ಇದೆಯೇ?

ನೀವು ಹದಿಹರೆಯದವರಿಗಾಗಿ ಆರು ಕಡೆ ಸಂಜೆಯ ಕಾರ್ಯಕ್ರಮ ನಡೆಸುತ್ತೀರಿ. ಮಕ್ಕಳ ಜೊತೆ ಸೆಷನ್ ನಡೆಸುವ ಫೆಸಿಲಿಟೇಟರ್‌ಗಳು ಹನ್ನೆರಡು ಜನ ಇದ್ದಾರೆ. ವರ್ಷಕ್ಕೆ ಎರಡು ಸಲ ತರಬೇತಿ ಕೊಡಿಸುತ್ತೀರಿ. ಮುಗಿದ ದಿನ ಎಲ್ಲರಲ್ಲೂ ಹುರುಪು, ತಿಂಗಳು ಕಳೆಯುವಷ್ಟರಲ್ಲಿ ಎಲ್ಲ ಮೊದಲಿನಂತೆಯೇ. ಒಬ್ಬರಿಂದೊಬ್ಬರು ಕಲಿಯುವುದು, ಕೋಚಿಂಗ್ (ಅಂದರೆ ಸೆಷನ್ ನಡೆಯುವ ಜಾಗಕ್ಕೇ ಬಂದು ನೋಡಿ, ನಡೆಸುವವರ ಜೊತೆಗೆ ನಿಂತು ನೆರವಾಗುವುದು) ಇವುಗಳಿಂದ ನಿಜಕ್ಕೂ ಪ್ರಯೋಜನ ಇದೆಯೇ, ಇದ್ದರೆ ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಿ.

ಪ್ರಯೋಜನ ಇದೆ. ಆದರೆ ಕೋಚಿಂಗ್ ಅಂದರೆ ತಪ್ಪು ಹುಡುಕುವುದು ಅಂತ ನಿಮ್ಮ ಜನರಿಗೆ ಒಮ್ಮೆ ಅನಿಸಿಬಿಟ್ಟರೆ ಆಮೇಲೆ ಏನು ಮಾಡಿದರೂ ಕಷ್ಟ. ನಾನು ಒಂಬತ್ತು ವರ್ಷ ಇಂಥ ಸೆಷನ್‌ಗಳನ್ನು ನಡೆಸಿದ್ದೇನೆ. ಈಗ ಆರು ವರ್ಷದಿಂದ ನಡೆಸುವವರ ಜೊತೆ ಕೋಚ್ ಆಗಿದ್ದೇನೆ. ಈ ಪಾಠ ಕಲಿತದ್ದು ನನ್ನದೇ ತಪ್ಪಿನಿಂದ.

ಕೋಚ್ ಆಗಿ ಹೋದ ಮೊದಲ ದಿನ ಹಿಂದೆ ಕೂತು ಎರಡು ಪುಟ ತುಂಬ ಬರೆದುಕೊಂಡೆ. ಸೆಷನ್ ಮುಗಿದ ಮೇಲೆ ಹದಿನಾಲ್ಕು ವಿಷಯ ಒಂದೊಂದಾಗಿ ಓದಿ ಹೇಳಿದೆ. ಸುಳ್ಳು ಅಂತ ಒಂದೂ ಇರಲಿಲ್ಲ. ಸೆಷನ್ ನಡೆಸಿದ ಹುಡುಗಿ ತಲೆಯಾಡಿಸುತ್ತಾ ಎಲ್ಲವನ್ನೂ ಬರೆದುಕೊಂಡಳು. ಮುಂದಿನ ಸಲ ಹೋದಾಗ ಹೊಸ ಚಾರ್ಟು, ಹೊಸ ಆಟ, ಚಪ್ಪಾಳೆ ಎಲ್ಲ ಇತ್ತು. ಎಲ್ಲ ನನಗೆ ತೋರಿಸಲಿಕ್ಕೆ. ಮಕ್ಕಳ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಎರಡು ತಿಂಗಳಲ್ಲಿ ಅವಳು ಕೆಲಸ ಬಿಟ್ಟಳು. ಬೇರೆ ಕಾರಣಗಳೂ ಇದ್ದಿರಬಹುದು. ಆದರೂ ಆ ಪಟ್ಟಿ ನೆನಪಾದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಈಗ ನಾನು ಒಂದು ಭೇಟಿಗೆ ಒಂದೇ ವಿಷಯ ನೋಡುತ್ತೇನೆ. ಏನನ್ನು ನೋಡಬೇಕು ಅಂತ ಸೆಷನ್ ನಡೆಸುವವರನ್ನೇ ಮೊದಲು ಕೇಳುತ್ತೇನೆ. ಕಂಡದ್ದನ್ನು ಮಾತ್ರ ಬರೆಯುತ್ತೇನೆ, ಅನಿಸಿದ್ದನ್ನಲ್ಲ. ‘ಸೆಷನ್ ಸಪ್ಪೆಯಾಗಿತ್ತು’ ಅನ್ನೋದು ನನ್ನ ಅನಿಸಿಕೆ. ‘ಅರ್ಧ ಗಂಟೆಯಲ್ಲಿ 22 ಪ್ರಶ್ನೆ ಕೇಳಿದಿರಿ, ಅದರಲ್ಲಿ 17ಕ್ಕೆ ಹೌದು ಅಥವಾ ಇಲ್ಲ ಅಂದರೆ ಸಾಕಿತ್ತು’ ಅನ್ನೋದು ಕಂಡದ್ದು. ಮೊದಲನೆಯದಕ್ಕೆ ಜನ ವಾದ ಮಾಡುತ್ತಾರೆ. ಎರಡನೆಯದನ್ನು ಕೇಳಿ ಯೋಚನೆಗೆ ಬೀಳುತ್ತಾರೆ.

ಒಬ್ಬ ಫೆಸಿಲಿಟೇಟರ್‌ಗೆ ಒಂದೇ ಕೊರಗು: ‘ನನ್ನ ಗುಂಪಿನಲ್ಲಿ ಮೂರು ಜನ ಬಿಟ್ಟರೆ ಯಾರೂ ಬಾಯಿ ಬಿಡೋದಿಲ್ಲ.’ ನಾನು ಗಡಿಯಾರ ಹಿಡಿದು ಕೂತೆ. ಪ್ರಶ್ನೆ ಕೇಳಿದ ಮೇಲೆ ಅವರು ಎಷ್ಟು ಹೊತ್ತು ಕಾಯುತ್ತಾರೆ ಅಂತ ಪ್ರತಿ ಸಲ ಬರೆದೆ. ಹೆಚ್ಚಿನ ಸಲ ಎರಡು ಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ತಾವೇ ಉತ್ತರ ಹೇಳಿಬಿಡುತ್ತಿದ್ದರು. ಇದು ಅವರೊಬ್ಬರ ಅಭ್ಯಾಸವೇನಲ್ಲ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲೇ ಇದನ್ನು ತರಗತಿಗಳಲ್ಲಿ ಅಳೆದಿದ್ದರು. ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಮೂರು ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಕಾದಾಗ ಉತ್ತರಗಳು ಉದ್ದವಾದವು, ಹೆಚ್ಚು ಮಕ್ಕಳು ಮಾತಾಡಿದರು. ಆ ಫೆಸಿಲಿಟೇಟರ್‌ಗೆ ನಾನು ಬರೀ ನನ್ನ ಅಂಕಿಗಳನ್ನು ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೌನ ಅಂದರೆ ನನಗೆ ಭಯ’ ಅಂದರು. ಮುಂದಿನ ವಾರ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತಾ ನಿಂತರು. ನೋಡುತ್ತಿದ್ದ ನನಗೂ ಆ ಮೌನ ಕಷ್ಟವಾಯಿತು. ಆಮೇಲೆ ಮೂಲೆಯಲ್ಲಿ ಕೂತಿದ್ದ ಒಬ್ಬ ಹುಡುಗ ಮಾತಾಡಿದ. ನಾಲ್ಕು ತಿಂಗಳಲ್ಲಿ ಮೊದಲ ಸಲ.

ಇಂಥದ್ದು ತರಬೇತಿ ಕೋಣೆಯಲ್ಲಿ ಆಗುವುದಿಲ್ಲ. ಅಲ್ಲಿ ವಿಷಯ ಸಿಗುತ್ತದೆ, ಅಭ್ಯಾಸ ಬದಲಾಗುವುದಿಲ್ಲ. ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬ ಅಮೆರಿಕದ ಸಂಶೋಧಕರು 1980ರ ದಶಕದಿಂದಲೇ ಇದನ್ನು ಹೇಳುತ್ತಾ ಬಂದರು. ತರಬೇತಿಯ ನಂತರ ಜೊತೆಗೆ ನಿಂತು ಕೈಹಿಡಿಯುವವರಿಲ್ಲದಿದ್ದರೆ ಕಲಿತದ್ದು ತರಗತಿಯವರೆಗೆ ತಲುಪುವುದು ತೀರಾ ಕಡಿಮೆ. ಅವರ ಇನ್ನೊಂದು ಮಾತು ನನ್ನನ್ನು ಬೆಚ್ಚಿಬೀಳಿಸಿತು. 1996ರಲ್ಲಿ ತಮ್ಮ ಅನುಭವ ಬರೆಯುತ್ತಾ, ಸಹೋದ್ಯೋಗಿಗಳ ನಡುವಿನ ಕೋಚಿಂಗ್‌ನಿಂದ ಬಾಯಿಮಾತಿನ ವಿಮರ್ಶೆಯನ್ನೇ ತೆಗೆದುಹಾಕಿದ್ದೇವೆ ಅಂದರು. ಒಬ್ಬರಿಗೊಬ್ಬರು ವಿಮರ್ಶೆ ಹೇಳಲು ಶುರು ಮಾಡಿದರೆ ಜೊತೆಗೂಡಿ ಮಾಡುವ ಕೆಲಸವೇ ಕೆಡುತ್ತಿತ್ತು. ಅವರ ಲೆಕ್ಕದಲ್ಲಿ ಪಾಠ ಮಾಡುವವರೇ ಕೋಚ್, ನೋಡಲು ಬಂದವರು ಕಲಿಯುವವರು! ಒಬ್ಬರ ಸೆಷನ್ ಇನ್ನೊಬ್ಬರು ನೋಡುವಂತೆ ನಿಮ್ಮ ಹನ್ನೆರಡು ಜನರನ್ನು ಜೋಡಿ ಮಾಡುವಾಗ ಇದನ್ನೇ ಹಿಡಿದುಕೊಳ್ಳಿ. ‘ಅವರನ್ನು ತಿದ್ದಲು ಹೋಗಬೇಡಿ, ನಿಮ್ಮ ಸೆಷನ್‌ಗೆ ಏನು ತಂದುಕೊಳ್ಳಬಹುದು ಅಂತ ನೋಡಲು ಹೋಗಿ’ ಅಂತ ಹೇಳಿ. ಅಷ್ಟಕ್ಕೇ ಅರ್ಧ ಭಯ ಹೋಗುತ್ತದೆ.

ಯುವಜನ ಕಾರ್ಯಕ್ರಮಗಳಲ್ಲೇ ಮಾಡಿದ ಒಂದು ದೊಡ್ಡ ಅಧ್ಯಯನವೂ ಇದೆ. ಇಂಥ ಕಾರ್ಯಕ್ರಮಗಳ ಗುಣಮಟ್ಟದ ಬಗ್ಗೆ ಕೆಲಸ ಮಾಡುವ ಅಮೆರಿಕದ ವೈಕಾರ್ಟ್ ಸೆಂಟರ್ 2012ರಲ್ಲಿ ಅದರ ವರದಿ ಕೊಟ್ಟಿತು. ಶಾಲೆಯ ಸಮಯ ಮುಗಿದ ಮೇಲೆ ಕಾರ್ಯಕ್ರಮ ನಡೆಸುವ 87 ಕೇಂದ್ರಗಳು ಅದರಲ್ಲಿದ್ದವು. ಚೀಟಿ ಎತ್ತಿದ ಹಾಗೆ ಆರಿಸಿದ ಕೆಲವು ಕೇಂದ್ರಗಳಲ್ಲಿ ಸಿಬ್ಬಂದಿಯೇ ಕೂತು ತಮ್ಮ ಸೆಷನ್‌ಗಳನ್ನು ಅಳೆದರು, ಸುಧಾರಣೆಯ ಯೋಜನೆ ಮಾಡಿದರು, ಕೇಂದ್ರದ ಮುಖ್ಯಸ್ಥರಿಗೆ ಕೋಚಿಂಗ್ ಸಿಕ್ಕಿತು. ಅಲ್ಲಿ ಸಿಬ್ಬಂದಿ ಸೆಷನ್ ನಡೆಸುವ ರೀತಿ ಸುಧಾರಿಸಿತು. ನಿಮ್ಮಂಥವರಿಗೆ ಇದರಲ್ಲಿ ಮುಖ್ಯವಾದದ್ದು ಮುಖ್ಯಸ್ಥರಿಗೂ ಕೋಚಿಂಗ್ ಇತ್ತು ಅನ್ನೋದು.

ಏನನ್ನು ನೋಡಬೇಕು ಅಂತ ಗೊತ್ತಾಗದಿದ್ದರೆ ಅದೇ ಸೆಂಟರ್‌ನ ಅಳತೆಪಟ್ಟಿ ದಾರಿ ತೋರಿಸುತ್ತದೆ. ಅದು ಗುಣಮಟ್ಟವನ್ನು ನಾಲ್ಕು ಮೆಟ್ಟಿಲುಗಳಂತೆ ನೋಡುತ್ತದೆ. ಕೆಳಗೆ ಸುರಕ್ಷತೆ, ಅದರ ಮೇಲೆ ಬೆಂಬಲ, ಆಮೇಲೆ ಪರಸ್ಪರ ಒಡನಾಟ, ತುದಿಯಲ್ಲಿ ತೊಡಗಿಕೊಳ್ಳುವುದು. ತೊಡಗಿಕೊಳ್ಳುವುದು ಅಂದರೆ ಮಕ್ಕಳು ತಾವೇ ಯೋಜಿಸುವುದು, ಆಯ್ಕೆ ಮಾಡುವುದು, ಮಾಡಿದ್ದರ ಬಗ್ಗೆ ಹಿಂದಿರುಗಿ ಯೋಚಿಸುವುದು. ನಾನು ನೋಡಿದ ಬಹುಪಾಲು ಕಡೆ ಕೆಳಗಿನ ಎರಡು ಮೆಟ್ಟಿಲು ಗಟ್ಟಿಯಾಗಿದ್ದವು, ತುದಿಯದು ಖಾಲಿ. ಪ್ರೀತಿಯಿಂದ ನೋಡಿಕೊಳ್ಳುತ್ತೇವೆ, ಆದರೆ ಎಲ್ಲವನ್ನೂ ನಾವೇ ತೀರ್ಮಾನಿಸಿರುತ್ತೇವೆ, ಅಲ್ವಾ? ಅದಕ್ಕೇ ಹದಿನಾರು ವರ್ಷದವರು ಮೂರನೇ ತಿಂಗಳಿಗೆ ಬರುವುದು ನಿಲ್ಲಿಸುತ್ತಾರೆ.

ಅಂಕ ಹಾಕುವುದಾದರೆ ಹಾಕಿ, ಆದರೆ ಅದನ್ನು ಸಂಬಳಕ್ಕೋ ಬಡ್ತಿಗೋ ಜೋಡಿಸಬೇಡಿ. ಜೋಡಿಸಿದ ದಿನದಿಂದ ಎಲ್ಲರ ಅಂಕವೂ ಚೆನ್ನಾಗಿಯೇ ಬರುತ್ತದೆ, ಸೆಷನ್ ಮಾತ್ರ ಹಾಗೇ ಇರುತ್ತದೆ. ಕೋಚ್‌ನ ಟಿಪ್ಪಣಿ ನಡೆಸುವವರ ಕೈಯಲ್ಲಿರಲಿ, ಆಫೀಸಿನ ಫೈಲಿನಲ್ಲಿ ಬೇಡ. ಹಾಗೆಯೇ, ಒಬ್ಬರು ಇನ್ನೊಬ್ಬರ ಸೆಷನ್ ನೋಡಲು ಹೋಗುವ ಸಮಯ ಕೆಲಸದ ಸಮಯದೊಳಗೇ ಬರಬೇಕು. ದಣಿದು ಬಂದವರಿಗೆ ರಜೆ ದಿನ ‘ಕಲಿಯಿರಿ’ ಅನ್ನುವುದು ನ್ಯಾಯವಲ್ಲ.

ತಿಂಗಳಿಗೊಮ್ಮೆ ಎಲ್ಲರೂ ಸೇರುವ ಸಭೆ ಇರುತ್ತದಲ್ಲ, ಅದರ ವರದಿ ಓದುವ ಭಾಗವನ್ನು ತೆಗೆದುಬಿಡಿ. ಬದಲಿಗೆ ಒಬ್ಬರು ತಾವು ಸಿಕ್ಕಿಹಾಕಿಕೊಂಡ ಒಂದು ಗಳಿಗೆಯನ್ನು ತರಲಿ. ಉದಾಹರಣೆಗೆ, ಇಬ್ಬರು ಹುಡುಗರು ಜಗಳವಾಡಿ ಒಬ್ಬ ಎದ್ದು ಹೋದಾಗ ತಾನು ಏನು ಮಾಡಿದೆ ಅಂತ. ಮೊದಲ ಹತ್ತು ನಿಮಿಷ ಉಳಿದವರು ಪ್ರಶ್ನೆ ಮಾತ್ರ ಕೇಳಬೇಕು, ಸಲಹೆ ಕೊಡಬಾರದು. ಇದು ಕೇಳಲು ಸುಲಭ, ಮಾಡಲು ಕಷ್ಟ. ನಮ್ಮ ಬಾಯಲ್ಲಿ ಸಲಹೆ ಮೊದಲೇ ತಯಾರಿರುತ್ತದೆ. ಆದರೆ ಸರಿಯಾದ ಪ್ರಶ್ನೆ ಬಂದಾಗ ಹೇಳುತ್ತಿರುವವರೇ ಮಧ್ಯದಲ್ಲಿ ನಿಂತು ‘ಓ, ನಾನು ಅವನ ಮಾತನ್ನೇ ಕೇಳಲಿಲ್ಲ’ ಅನ್ನುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಎಲ್ಲ ಆರು ಕಡೆ ಒಟ್ಟಿಗೆ ಶುರು ಮಾಡಬೇಡಿ. ಶಾಲಾ ಶಿಕ್ಷಕರ ಕೋಚಿಂಗ್ ಬಗ್ಗೆ 60 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ಒಂದು ಸಂಶೋಧನೆಯಲ್ಲಿ ಬೋಧನೆ ಚೆನ್ನಾಗಿ ಸುಧಾರಿಸಿದ್ದು ಕಂಡಿತು. ಆದರೆ ಕಾರ್ಯಕ್ರಮ ದೊಡ್ಡದಾದಷ್ಟೂ ಪರಿಣಾಮ ಇಳಿದಿತ್ತು. ಹಾಗಾಗಿ ತಾವಾಗಿಯೇ ಮುಂದೆ ಬಂದ ಎರಡು ಜೋಡಿ ಈಗ ಸಾಕು.

ಅದಕ್ಕೂ ಮೊದಲು ಒಂದು ಕೆಲಸ ಇದೆ, ಅದು ನಿಮ್ಮದು. ಮುಂದಿನ ವಾರ ನೀವೇ ಒಂದು ಸೆಷನ್ ನಡೆಸಿ. ಆ ನಾಲ್ವರನ್ನು ನೋಡಲು ಕರೆಯಿರಿ. ನಿಮಗೆ ಎಲ್ಲಿ ಅಳುಕಿದೆಯೋ ಅದನ್ನು ಮೊದಲೇ ಹೇಳಿ, ಅದನ್ನೇ ಎಣಿಸಲು ಕೇಳಿ. ಮುಗಿದ ಮೇಲೆ ಅವರು ಬರೆದುಕೊಂಡದ್ದನ್ನು ಅವರ ಎದುರಿಗೇ ಕೂತು ಓದಿ.